ಫೈಬರ್ ಕೊಳೆಯಲ್ಲ, ಒಳಗಿನ ಮರ ಕೊಳೆಯುತ್ತೆ

ರಜೆಗೆ ಮಲ್ಪೆಗೆ ಹೋದಾಗ ಮಾವ ಅಂಗಳದಲ್ಲಿ ತಮ್ಮ ಫೈಬರ್ ದೋಣಿಯ ಹಿಂಬದಿ ಹಲಗೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು. ಒಂದು ಕಡೆ ‘ಟಕ್’, ನಡುವೆ ‘ದಬ್’. ಆ ದಬ್ ಅಂದ ಜಾಗಕ್ಕೇ ಔಟ್‌ಬೋರ್ಡ್ ಇಂಜಿನ್ ಕಟ್ಟೋದು. ಕಡಲಲ್ಲಿ ಹಲಗೆ ಕಿತ್ತುಬಂದ್ರೆ ಇಂಜಿನ್ ನೀರುಪಾಲು.

ಗ್ಲಾಸ್ ಫೈಬರ್ ಕೊಳೆಯಲ್ಲ. ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಕೊಳೆಯುತ್ತೆ. ಬೋಲ್ಟ್ ತೂತಿನಿಂದ ಒಳಗೆ ಇಳಿದ ನೀರಿಗೆ ಹೊರಬರೋ ದಾರಿ ಇಲ್ಲ. ಮೇಲೆ ಇನ್ನೊಂದು ಪದರ ಹಚ್ಚಿದ್ರೆ ಸಾಲ್ದಾ ಅಂದೆ.

“ಹುಳುಕು ತೆಗೀದೆ ಹಲ್ಲಿಗೆ ಸಿಮೆಂಟ್ ಹಾಕ್ತಾರಾ ಮಾರಾಯ?”

ಒಳಪದರವನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ, ಕಪ್ಪಾದ ಮರ ಕೆರೆದು ತೆಗೆದೆವು. ಮಾಸ್ಕ್ ಕಡ್ಡಾಯ, ತುಂಬು ತೋಳಿನ ಅಂಗಿಯೂ. ಟೀ ಶರ್ಟ್‌ನಲ್ಲಿ ನಿಂತ ನಾನು ಎರಡು ದಿನ ತುರಿಸಿಕೊಂಡೆ. ಆಮೇಲೆ ಒಣಗಿಸೋದು. ಇದಕ್ಕೇ ಜಾಸ್ತಿ ದಿನ ಬೇಕು, ತೇವ ಇದ್ರೆ ರೆಸಿನ್ ಹಿಡಿಯಲ್ಲ. ಹೊಸ ಮೆರೈನ್ ಪ್ಲೈ ಕೂರಿಸೋಕೆ ಎಪಾಕ್ಸಿ ಬಳಸಿದೆವು, ಹಳೇ ಫೈಬರ್‌ಗೆ ಅದು ಪಾಲಿಯೆಸ್ಟರ್‌ಗಿಂತ ಗಟ್ಟಿಯಾಗಿ ಅಂಟುತ್ತೆ. ಬೋಲ್ಟ್ ತೂತುಗಳ ಒಳಮೈಗೂ ಅದನ್ನೇ ಬಳಿದೆವು.

ಕತ್ತರಿಸಿದ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಪದರ 5 ಮಿ.ಮೀ. ದಪ್ಪ ಇದ್ರೆ ಇಳಿಜಾರು 60 ಮಿ.ಮೀ. ಅಗಲ, ಅಂದ್ರೆ 1:12. ಇಲ್ಲಾಂದ್ರೆ ಸ್ಟ್ರೆಸ್ ಎಲ್ಲಾ ಜೋಡಣೆಯ ಒಂದೇ ಗೆರೆ ಮೇಲೆ ಬೀಳುತ್ತೆ. ಪರೀಕ್ಷೆಯಲ್ಲಿ ಸ್ಟ್ರೆಸ್ ಕಾನ್ಸಂಟ್ರೇಶನ್ ಬಗ್ಗೆ ಬರೆದು ಮಾರ್ಕ್ಸ್ ತಗೊಂಡವನಿಗೆ ಅಂಗಳದಲ್ಲಿ ಅದು ಹೊಳೀಲೇ ಇಲ್ಲ.

ಈಗ ಎಲ್ಲಾ ಕಡೆ ‘ಟಕ್’. ಆದ್ರೂ ಮಾವ ಇನ್ನೂ ಇಂಜಿನ್ ಕಟ್ಟಿಲ್ಲ, ದಿನಾ ಒಂದ್ಸಲ ಬಡಿದು ನೋಡ್ತಾರೆ.