ಹತ್ತಿ ಸುಗ್ಗಿಯೂ ಆಯ್ಕೆ ಪಂದ್ಯವೂ

ರಾಯಚೂರಿನಲ್ಲಿ ಜನಿಸಿದ ಯರೇಗೌಡ ಭಾರತ ತಂಡದ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯಗಳಲ್ಲಿ ಏಳು ಸಾವಿರಕ್ಕೂ ಮಿಗಿಲಾದ ರನ್ ಗಳಿಸಿದರು. ದ್ರಾವಿಡ್ ತಲೆಮಾರಿನ ಬ್ಯಾಟ್ಸ್‌ಮನ್‌ಗಳಿಂದ ತುಂಬಿದ್ದ ಕರ್ನಾಟಕ ತಂಡದಿಂದ ಹೊರಬಂದು ರೈಲ್ವೇಸ್ ಸೇರಿದ ಅವರು, ಆ ತಂಡ 2001-02 ಮತ್ತು 2004-05ರಲ್ಲಿ ರಣಜಿ ಟ್ರೋಫಿ ಗೆದ್ದಾಗ ಅದರ ಮಧ್ಯಮ ಕ್ರಮಾಂಕದ ಆಧಾರಸ್ತಂಭವಾಗಿದ್ದರು. ಬಳಿಕ ತವರಿಗೆ ಮರಳಿ ಕರ್ನಾಟಕದ ನಾಯಕತ್ವ ವಹಿಸಿದರು. 2019ರಲ್ಲಿ ರಾಜ್ಯ ತಂಡವು ವಿಜಯ್ ಹಜಾರೆ ಟ್ರೋಫಿ ಗೆದ್ದಾಗ ತರಬೇತುದಾರರೂ ಅವರೇ.

ಮುಂಬೈಯಿಂದ ಹೊರಟ ರೈಲುಮಾರ್ಗವೂ ಮದರಾಸಿನಿಂದ ಬಂದ ಮಾರ್ಗವೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಆ ಊರಿನ ಕ್ರಿಕೆಟಿಗನಿಗೆ ನೆಲೆ ಕೊಟ್ಟದ್ದು ರೈಲ್ವೆಯೇ ಎಂಬುದು ಕಾಕತಾಳೀಯವಿರಬಹುದು. ಆದರೆ ನೌಕರಿಯ ಆಸರೆಯಿಲ್ಲದೆ ನಮ್ಮ ಭಾಗದ ಆಟಗಾರ ಇಪ್ಪತ್ತೆರಡರ ನಂತರವೂ ಆಡುವುದು ಅಪರೂಪ ಎಂಬುದು ಕಾಕತಾಳೀಯವಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲ್‌ನಲ್ಲಿ ‘ವೈಡ್ ರಿಸೀವರ್’ ಎಂಬ ಆಟಗಾರನಿದ್ದಾನೆ. ಜೊತೆಗಾರ ಎಸೆದ ಚೆಂಡು ಎಲ್ಲಿ ಇಳಿಯುವುದೆಂದು ಮೊದಲೇ ಊಹಿಸಿ ಓಡಿ ಹಿಡಿಯುವುದು ಅವನ ಕೆಲಸ. ಕಾಲೇಜಿನ ನಾಲ್ಕು ವರ್ಷಗಳಲ್ಲಿ ಅವನು ಹಿಡಿದ ಪ್ರತಿ ಚೆಂಡೂ, ಓಡಿದ ಪ್ರತಿ ಗಜವೂ ದಾಖಲಾಗುತ್ತದೆ. ಅಲ್ಲಿಯೂ ವೃತ್ತಿಪರ ತಂಡಗಳು ವಾರ್ಷಿಕ ಆಯ್ಕೆಯಲ್ಲಿ ಆರಿಸಿಕೊಳ್ಳುವುದು ಎಲ್ಲ ಸ್ಥಾನಗಳಿಗೂ ಸೇರಿ ಸುಮಾರು 260 ಮಂದಿಯನ್ನು ಮಾತ್ರ. ಉಳಿದ ಸಾವಿರಾರು ಮಂದಿಯಲ್ಲಿ ಬಹುಪಾಲು ಜನರ ಆಟ ಕಾಲೇಜಿನೊಂದಿಗೇ ಮುಗಿಯುತ್ತದೆ. ಆದರೆ ನೋಡುವವರ ಕಣ್ಣಿಗೆ ಬಿದ್ದ ಮೇಲೆ ಮುಗಿಯುತ್ತದೆ.

ಮಾನ್ವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಾಗ ದೇವದುರ್ಗದ ಕಡೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಬ್ಯಾಟಿಂಗ್ ಸಾಧಾರಣ. ಬೌಂಡರಿ ಅಂಚಿನಲ್ಲಿ ಅವನು ಹಿಡಿಯುತ್ತಿದ್ದ ಕ್ಯಾಚುಗಳನ್ನು ನೋಡಲೆಂದೇ ನಾವು ಕೆಲವರು ಸಂಜೆ ಮೈದಾನಕ್ಕೆ ಹೋಗುತ್ತಿದ್ದೆವು. ಚೆಂಡು ಬ್ಯಾಟಿಗೆ ತಾಗುವ ಸದ್ದಿಗೇ ಅವನು ಓಡಲಾರಂಭಿಸುತ್ತಿದ್ದ. ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಆಗ ಗುಲಬರ್ಗಾಕ್ಕೆ ಹೋಗಬೇಕಿತ್ತು. ಹೊರಡುವ ಹಿಂದಿನ ದಿನ ಬಂದು ನಿಂತ. ‘ಹತ್ತಿ ಬಿಡಿಸೋದೈತ್ರಿ ಸರ್, ಆಳು ಸಿಗವಲ್ರು’ ಎಂದ. ಒಂದು ವಾರ ತಡೆಯಲಾಗದೇ ಎಂದು ಕೇಳಿದೆ. ಬಿರಿದ ಹತ್ತಿ ಮಳೆಗೆ ಸಿಕ್ಕರೆ ದರ ಬೀಳುತ್ತದೆಂಬುದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮರುವರ್ಷವೂ ಆದದ್ದು ಇದೇ. ಅಲ್ಲಿಗೆ ಪದವಿ ಮುಗಿಯಿತು.

ಆಗ ಕೈತಪ್ಪಿದ್ದು ಒಂದು ಪಂದ್ಯವಷ್ಟೇ ಅಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಆಡಿದ ಪ್ರಮಾಣಪತ್ರಕ್ಕೆ ಮಾನ್ಯತೆಯಿದೆ. ಕಾಲೇಜು ತಂಡದಲ್ಲಿ ಆಡಿದ್ದಕ್ಕೆ ಇಲ್ಲ. ಮೂರು ವರ್ಷಗಳ ಆಟ ಆ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಸಂವಿಧಾನದ 371(ಜೆ) ವಿಧಿಯು ಶಿಕ್ಷಣ ಮತ್ತು ಉದ್ಯೋಗದಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ನೀಡಿದೆ. ಮೈದಾನದ ಆಯ್ಕೆಗೂ ಮೀಸಲಾತಿ ಬೇಕೆಂದು ನಾನು ಹೇಳಲಾರೆ. ಬಿಟ್ಟ ಕ್ಯಾಚಿಗೆ ರಿಯಾಯಿತಿ ಎಲ್ಲಿಯದು? ಕೇಳುವುದು ಇಷ್ಟೇ. ಈಗ ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯವಿದೆ. ಹತ್ತಿ ಬಿಡಿಸುವ ಕೆಲಸ ಬಿರುಸಾಗುವುದು ಅಕ್ಟೋಬರಿನ ನಂತರ. ಆಯ್ಕೆ ಪಂದ್ಯಗಳನ್ನು ಆಗಸ್ಟ್, ಸೆಪ್ಟೆಂಬರಿನಲ್ಲಿಯೇ ಮುಗಿಸಬಹುದು. ದೇವದುರ್ಗದಲ್ಲಿ ಒಂದು ದಿನ, ಮಾನ್ವಿಯಲ್ಲಿ ಒಂದು ದಿನ ಆಯ್ಕೆಗಾರರೇ ಬಸ್ ಹತ್ತಿ ಹೋಗಿ ನೋಡಬಹುದು. ಇದಕ್ಕೆ ಹೊಸ ಕ್ರೀಡಾಂಗಣ ಬೇಡ, ಬಜೆಟ್ ಘೋಷಣೆಯೂ ಬೇಡ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಅಂತಿಮಗೊಳ್ಳುವ ಮುನ್ನ ದೈಹಿಕ ಶಿಕ್ಷಣ ನಿರ್ದೇಶಕರು ಈ ಸೀಮೆಯ ರೈತನೊಬ್ಬನನ್ನು ಒಮ್ಮೆ ಕೇಳಿದರಾಯಿತು.