ಮಾಯದ ಗಾಯ ಮತ್ತು ತಣ್ಣನೆಯ ಪ್ಲಾಸ್ಮಾ



ಹಸುವಿನ ಹಿಂಗಾಲಿನ ಗಿಣ್ಣಿನಲ್ಲೊಂದು ಗಾಯ. ಪೌಡರ್ ಹಾಕಿದ್ದೀರಿ, ಮುಲಾಮು ಹಚ್ಚಿದ್ದೀರಿ, ಸೂಜಿಯನ್ನೂ ಹಾಕಿಸಿದ್ದೀರಿ. ಮೇಲೆ ಒಣಗಿದಂತೆ ಕಾಣುತ್ತದೆ, ವಾರ ಕಳೆದರೆ ಮತ್ತೆ ಕೀವು. "ಈ ಔಷಧಿಯಲ್ಲಿ ದಮ್ಮಿಲ್ಲ ಡಾಕ್ಟ್ರೇ" ಎನ್ನುತ್ತೀರಿ. ಎಷ್ಟೋ ಸಲ ಔಷಧಿ ಸರಿಯಾಗಿಯೇ ಇರುತ್ತದೆ, ರೋಗಾಣುವಿನ ತನಕ ಅದು ಹೋಗಿರುವುದಿಲ್ಲ.

ಹಳೆಯ ಗಾಯದಲ್ಲಿ ಬ್ಯಾಕ್ಟೀರಿಯಾಗಳು ಗುಂಪು ಕಟ್ಟಿಕೊಂಡು, ಲೋಳೆಯ ಪದರವೊಂದನ್ನು ಹೊದ್ದು ಕೂರುತ್ತವೆ. ಕೊಟ್ಟಿಗೆಯ ನೀರಿನ ತೊಟ್ಟಿಯ ಒಳಗೋಡೆ ಮುಟ್ಟಿದರೆ ಜಾರುತ್ತದಲ್ಲ, ಅಂಥದೇ ಪದರ. ಇದನ್ನು ಬಯೋಫಿಲಂ ಎನ್ನುತ್ತೇವೆ. ನೀರು ಸುರಿದರೆ ತೊಟ್ಟಿಯ ಲೋಳೆ ಹೋಗದು, ಉಜ್ಜಲೇಬೇಕು.

ಮನುಷ್ಯರ ಇಂಥ ಗಾಯಗಳಿಗೆ ಜರ್ಮನಿಯಲ್ಲಿ ಕೋಲ್ಡ್ ಪ್ಲಾಸ್ಮಾ ಬಳಸುತ್ತಿದ್ದಾರೆ. ಇದು ರಕ್ತದ ಪ್ಲಾಸ್ಮಾ ಅಲ್ಲ. ಆರ್ಗಾನ್ ಅನಿಲ ಅಥವಾ ಗಾಳಿಯಲ್ಲಿ ವಿದ್ಯುತ್ ಹಾಯಿಸಿದಾಗ ಉಂಟಾಗುವ ಹೊಳೆಯುವ ಸ್ಥಿತಿ. ಸಿಡಿಲೂ ಪ್ಲಾಸ್ಮಾವೇ, ಆದರೆ ಅದು ಸುಡುತ್ತದೆ. ಪೆನ್ನಿನಂಥ ಈ ಸಾಧನದ ತುದಿಯಲ್ಲಿ ಬರುವ ನೇರಳೆ ಎಳೆಯ ಶಾಖ ಸುಮಾರು 40 ಡಿಗ್ರಿ ಸೆಲ್ಸಿಯಸ್, ಹಸುವಿನ ಮೈಶಾಖಕ್ಕಿಂತ ತುಸುವೇ ಹೆಚ್ಚು. ಅದರಲ್ಲಿ ಹುಟ್ಟುವ ಆಮ್ಲಜನಕ, ಸಾರಜನಕದ ಚುರುಕಾದ ಕಣಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹಾಳುಮಾಡುತ್ತವೆ. ಆಂಟಿಬಯೋಟಿಕ್‌ಗೆ ಬಗ್ಗದವೂ ಇದಕ್ಕೆ ಸಾಯುತ್ತವೆ. ಹಾಲಿನಲ್ಲಿ ಔಷಧಿಯ ಅಂಶ ಉಳಿಯುವ ಭಯವಿಲ್ಲ ಎಂಬುದೇ ನನ್ನಂಥವರ ಆಸೆಗೆ ಕಾರಣ.

2010ರಲ್ಲಿ ಪ್ರಕಟವಾದ ಮ್ಯೂನಿಕ್‌ನ ಪರೀಕ್ಷೆಯೊಂದರಲ್ಲಿ 36 ರೋಗಿಗಳ ಗಾಯಗಳಿಗೆ ದಿನಕ್ಕೆ 5 ನಿಮಿಷ ಪ್ಲಾಸ್ಮಾ ಕೊಟ್ಟರು. ಬರೀ ಮಾಮೂಲಿ ಚಿಕಿತ್ಸೆಗಿಂತ ಬ್ಯಾಕ್ಟೀರಿಯಾ ಶೇ. 34ರಷ್ಟು ಹೆಚ್ಚು ಇಳಿದವು. ಗಮನಿಸಿ, ಪ್ಲಾಸ್ಮಾ ಕೊಟ್ಟರೆಂದು ಗಾಯ ತೊಳೆಯುವುದನ್ನು ಅವರು ಬಿಡಲಿಲ್ಲ.

ಈ ಯಂತ್ರ ನಮ್ಮ ಚಿಕಿತ್ಸಾ ಪೆಟ್ಟಿಗೆಯಲ್ಲಿಲ್ಲ. ಊರಿಗೆ ಬಂದು ಯಾರಾದರೂ "ಪ್ಲಾಸ್ಮಾ ಮಿಷನ್" ಮಾರಿದರೆ ದುಡ್ಡು ಕೊಡಬೇಡಿ. ಲೋಳೆ ತೆಗೆಯುವ ಕೆಲಸವನ್ನು ಮಾತ್ರ ಇವತ್ತೇ ಮಾಡಬಹುದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ ಪುಡಿ ಉಪ್ಪು ಹಾಕಿ. ಸ್ವಚ್ಛ ಬಟ್ಟೆ ಅದ್ದಿ, ಹಳದಿ ಲೋಳೆ ಬಿಡುವ ತನಕ ಮೆತ್ತಗೆ ಒರೆಸಿ. ಆಮೇಲೆ ಔಷಧಿ. ಹಳೇ ಪೌಡರ್ ಮೇಲೆ ಹೊಸ ಪೌಡರ್ ಸುರಿದರೆ ಕೀವಿಗೆ ಮುಚ್ಚಳ ಹಾಕಿದಂತೆ. ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಅಂತೂ ಬೇಡವೇ ಬೇಡ, ಹೊಸದಾಗಿ ಬರುವ ಚರ್ಮವನ್ನು ಅವು ಸುಡುತ್ತವೆ. ಗಿಣ್ಣಿನ ಗಾಯವಾದರೆ ಹಸು ಮಲಗುವ ಸಿಮೆಂಟ್ ನೆಲಕ್ಕೆ ರಬ್ಬರ್ ಮ್ಯಾಟ್ ಇಲ್ಲವೇ ದಪ್ಪಗೆ ಒಣಹುಲ್ಲು ಹಾಸಿ. ನೆಲ ಉಜ್ಜುತ್ತಲೇ ಇದ್ದರೆ ಯಾವ ಯಂತ್ರವೂ ಗಾಯ ಮಾಯಿಸದು.

ಎರಡು ವಾರವಾದರೂ ಗಾಯ ಚಿಕ್ಕದಾಗದಿದ್ದರೆ, ಹುಳು ಬಿದ್ದರೆ, ಮೊಲೆತೊಟ್ಟಿನ ಮೇಲಿದ್ದರೆ ಕಾಯದೆ ಪಶುವೈದ್ಯರನ್ನು ಕರೆಸಿ. ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಹಾಲು ಹಾಕಬಾರದೆಂದು ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಡೇರಿ ಕಾರ್ಯದರ್ಶಿಗೆ ತೋರಿಸಿ.