‘ಏನಾಗಿದೆ’ ಮತ್ತು ‘ಏನಾಯಿತು’

ಆಘಾತಕ್ಕೆ ಸಿಕ್ಕಿದ ಮಕ್ಕಳ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರಿಗೆ ಕೊಡುವ ತರಬೇತಿಯ ತಿರುಳೆಲ್ಲ ಕನ್ನಡದ ಒಂದು ಕ್ರಿಯಾಪದದಲ್ಲಿ ಅಡಗಿದೆ. ‘ಏನಾಗಿದೆ ನಿಂಗೆ?’ ಎಂಬುದು ಗದರಿಕೆ. ಕೇಳಿದವರಿಗೆ ಉತ್ತರ ಬೇಕಿರುವುದಿಲ್ಲ. ‘ಏನಾಯ್ತು ನಿಂಗೆ?’ ಎಂದವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲು ತಯಾರಿರುತ್ತಾರೆ. ಮೊದಲನೆಯದು ತಪ್ಪನ್ನು ಮಗುವಿನ ಒಳಗೆ ಹುಡುಕಿದರೆ, ಎರಡನೆಯದು ಮಗುವಿನ ಮೇಲೆ ಬಂದೆರಗಿದ್ದನ್ನು ಹುಡುಕುತ್ತದೆ. ಬಾಲಮಂದಿರದ ಸಿಬ್ಬಂದಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು, 1098 ಸಹಾಯವಾಣಿಯ ಕರೆಗೆ ಓಡುವವರು, ಎಂ.ಎಸ್‌.ಡಬ್ಲ್ಯೂ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದವರು ದಿನಗಟ್ಟಲೆ ಕೂತು ಕಲಿಯುವುದು ಮೊದಲ ಪ್ರಶ್ನೆಯಿಂದ ಎರಡನೆಯದಕ್ಕೆ ದಾಟುವುದನ್ನು.

ಈ ವಿಚಾರ ಬೆಳೆದದ್ದು ಅಮೆರಿಕದಲ್ಲಿ. ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ತೂಕ ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದುದು ಅವರಿಗೆ ಒಗಟಾಗಿತ್ತು. ಕೆದಕಿದಾಗ ಹಲವರ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಇದ್ದುದು ಹೊರಬಿತ್ತು. ಮುಂದೆ ರಾಬರ್ಟ್ ಆಂಡಾ ಜೊತೆ ಸೇರಿ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದ ಅಧ್ಯಯನ ನಡೆಯಿತು. ಅದರ ಮೊದಲ ವರದಿ ಬಂದದ್ದು 1998ರಲ್ಲಿ. ಎಳವೆಯಲ್ಲಿ ಕಂಡ ಹೊಡೆತ, ನಿಂದನೆ, ಮನೆಯೊಳಗಿನ ಕುಡಿತ ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಹೃದ್ರೋಗಗಳ ಸಾಧ್ಯತೆಯೂ ಹೆಚ್ಚುತ್ತದೆ ಎಂದು ಅದು ತೋರಿಸಿತು. 2014ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಆಘಾತವನ್ನು ಅರಿಯುವುದು, ಗುರುತಿಸುವುದು, ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು, ಮತ್ತೆ ಗಾಯ ಮಾಡದಿರುವುದು ಎಂದು ನಾಲ್ಕು ಸೂತ್ರ ಕೊಟ್ಟಿತು. ಕೊನೆಯದು ಚಿಕ್ಕ ಮಾತಿನಂತೆ ಕಾಣುತ್ತದೆ, ಪಾಲಿಸುವುದು ಮಾತ್ರ ಎಲ್ಲಕ್ಕಿಂತ ಕಷ್ಟ.

ಕರ್ನಾಟಕಕ್ಕೆ ಇದು ಪೂರ್ತಿ ಆಮದು ಸರಕೂ ಅಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಳೆಯ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ಕೊಡುವುದರಲ್ಲಿ ನಿಮ್ಹಾನ್ಸ್‌ನವರು ಇದ್ದರು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ಹೊತ್ತಿಗೆ ಊರಿನ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರಿಗೇ ಕಲಿಸುವ ಕ್ರಮ ಗಟ್ಟಿಯಾಯಿತು. ಆದರೆ ಸುನಾಮಿ ಒಂದು ಸಲ ಬಂದು ಹೋಗುತ್ತದೆ. ಮನೆಯೊಳಗಿನ ಅನಾಹುತ ದಿನಾ ಸಂಜೆ ಬಾಗಿಲು ತಟ್ಟುತ್ತದೆ. ಅದಕ್ಕೆ ಬೇರೆಯೇ ಪಾಠ ಬೇಕಿತ್ತು. ಮಕ್ಕಳ ಮನೋವೈದ್ಯ ಡಾ. ಶೇಖರ್ ಶೇಷಾದ್ರಿ ಮತ್ತು ಸಂಗಡಿಗರು ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿನಿಂದ ನಡೆಸಿದ ಸಮುದಾಯ ಯೋಜನೆ ಅಂಗನವಾಡಿ, ಸರ್ಕಾರಿ ಶಾಲೆ, ಮಕ್ಕಳ ಪಾಲನಾ ಸಂಸ್ಥೆಗಳಿಗೆ ಹೋಯಿತು. ಅದರ ಅನುಭವದ ಮೇಲೆ 2020ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ನಿಮ್ಹಾನ್ಸ್‌ನಲ್ಲೇ ‘ಸಂವಾದ್’ ಎಂಬ ರಾಷ್ಟ್ರೀಯ ಕೇಂದ್ರ ತೆರೆಯಿತು.

ಇಂಥ ತರಬೇತಿ ಮಗುವಿನಿಂದ ಶುರುವಾಗುವುದಿಲ್ಲ, ಕಲಿಯಲು ಬಂದವರ ಬಾಲ್ಯದಿಂದ ಶುರುವಾಗುತ್ತದೆ. ಕಣ್ಣು ಮುಚ್ಚಿ ಎಳವೆಯ ಒಂದು ನೆನಪನ್ನು ಹೊರತೆಗೆಯಬೇಕು. ಆಗ ಏನನ್ನಿಸಿತ್ತು ಎಂದು ಹೇಳಬೇಕು. ಇಪ್ಪತ್ತು ವರ್ಷ ಇಲಾಖೆಯಲ್ಲಿ ದುಡಿದು ಮಕ್ಕಳೆಂದರೆ ಫೈಲು ಎಂದುಕೊಂಡವರಿಗೂ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ ದಿನವೋ, ತರಗತಿಯೆದುರು ಮೊಣಕಾಲೂರಿ ನಿಂತ ದಿನವೋ ನೆನಪಾಗುವುದುಂಟು. ಕಾರಣ ಮರೆತಿರುತ್ತದೆ, ಅವಮಾನ ಮರೆತಿರುವುದಿಲ್ಲ. ಮಗುವಿನ ಎತ್ತರಕ್ಕೆ ಬಗ್ಗದೆ ಮುಂದಿನ ಪಾಠಗಳು ತಲೆಗೆ ಹತ್ತಬಹುದು, ಕೈಗೆ ಹತ್ತುವುದಿಲ್ಲ.

ಇಡೀ ಕಲಿಕೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ‘ಒಳದನಿ’ಯ ಅಭ್ಯಾಸ. ಅದಕ್ಕೆ ಬೇಕಾದ್ದು ಒಂದು ಹಾಳೆ ಮತ್ತು ನಾಲ್ಕು ಅಂಕಣ: ಮಗುವಿನ ಹಿನ್ನೆಲೆ, ಅದಕ್ಕಾದ ಅನುಭವ, ಅದರ ಒಳದನಿ, ಕಣ್ಣಿಗೆ ಕಾಣುವ ನಡವಳಿಕೆ. ಎಲ್ಲರೂ ಮೊದಲು ತುಂಬುವುದು ನಾಲ್ಕನೆಯದನ್ನೇ, ಏಕೆಂದರೆ ದೂರುಗಳು ಬರುವುದು ಅಲ್ಲಿಂದ.

ಒಂದು ಕಲ್ಪಿತ ಉದಾಹರಣೆ. ಬಾಲಮಂದಿರಕ್ಕೆ ಬಂದ ಎಂಟು ವರ್ಷದ ಹುಡುಗ ಊಟದ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾನೆ. ಇರುವೆ ಮುತ್ತುತ್ತವೆ, ಹಾಸಿಗೆ ನಾರುತ್ತದೆ. ಬುದ್ಧಿ ಹೇಳಿದ್ದಾಯಿತು, ಒಂದು ಹೊತ್ತಿನ ಊಟ ತಪ್ಪಿಸಿದ್ದೂ ಆಯಿತು. ನಾಲ್ಕನೇ ಅಂಕಣದಲ್ಲಿ ಬರುವ ಪದಗಳು ‘ಕಳ್ಳತನ’, ‘ಹಟ’, ‘ಹೇಳಿದ ಮಾತು ಕೇಳಲ್ಲ’. ಹಿಂದಕ್ಕೆ ಬಂದರೆ ಮೊದಲ ಅಂಕಣದಲ್ಲಿ ಕುಡಿಯುವ ಅಪ್ಪ, ಗಾರೆ ಕೆಲಸ ಅರಸಿ ಊರೂರು ಸುತ್ತುವ ಅಮ್ಮ ಕಾಣುತ್ತಾರೆ. ಎರಡನೆಯದರಲ್ಲಿ, ಅಮ್ಮ ‘ಈಗ ಬರ್ತೀನಿ’ ಎಂದು ಹೋಗಿ ಬಾರದಿದ್ದ ಎರಡು ದಿನ. ಮೂರನೆಯದನ್ನು ಮಗುವಿನ ಬಾಯಲ್ಲೇ, ‘ನಾನು’ ಎಂದೇ ಬರೆಯಬೇಕು ಎಂಬುದು ನಿಯಮ: ‘ಇವತ್ತು ಕೊಟ್ಟವರು ನಾಳೆ ಕೊಡ್ತಾರೆ ಅಂತ ಏನು ಗ್ಯಾರಂಟಿ? ನನ್ನ ಊಟ ನಾನೇ ನೋಡ್ಕೋಬೇಕು.’

ಈ ಸಾಲು ಬರೆದ ಕೈಗೆ ‘ಕಳ್ಳತನ’ ಎಂಬ ಪದವನ್ನು ಹಾಗೇ ಬಿಡುವುದು ಕಷ್ಟ. ಊಟ ತಪ್ಪಿಸಿದ ಶಿಕ್ಷೆ ಮಗುವಿನ ಭಯವೇ ಸರಿ ಎಂದು ಸಾಬೀತು ಮಾಡಿತ್ತು. ಮತ್ತೆ ಗಾಯ ಮಾಡುವುದೆಂದರೆ ಇದು. ದುಷ್ಟತನವೇನೂ ಬೇಕಿಲ್ಲ, ಶಿಸ್ತು ಸಾಕು. ಇನ್ನು ಪರಿಹಾರ. ಹಾಸಿಗೆಯ ಪಕ್ಕ ಮುಚ್ಚಳವಿರುವ ಒಂದು ಡಬ್ಬಿ, ಅದರಲ್ಲಿ ದಿನಾ ರಾತ್ರಿ ನಾಲ್ಕು ಬಿಸ್ಕತ್ತು, ಅಡುಗೆಯವರಿಂದ ‘ಬೆಳಿಗ್ಗೆ ಉಪ್ಪಿಟ್ಟು ಮಾಡ್ತೀನಿ’ ಎಂಬ ಒಂದು ಮಾತು. ಡಬ್ಬಿ ತಿಂಗಳುಗಟ್ಟಲೆ ಇರಬೇಕಾಗಬಹುದು. ಭಯ ಕೂತಷ್ಟು ಬೇಗ ಏಳುವುದಿಲ್ಲ.

ಮೆದುಳಿನ ಪಾಠ ಇದರ ನಂತರ ಬರುತ್ತದೆ, ಬೇಗ ಮುಗಿಯುತ್ತದೆ. ಅಪಾಯವೆಂದು ಕಂಡಾಗ ದೇಹ ಎದುರು ಬೀಳುತ್ತದೆ, ಓಡುತ್ತದೆ, ಇಲ್ಲವೇ ಕಲ್ಲಾಗುತ್ತದೆ. ಕೂಗಾಡುವ ಮಗು, ಗೋಡೆ ಹಾರಿ ಓಡುವ ಮಗು ಎಲ್ಲರ ಗಮನಕ್ಕೂ ಬರುತ್ತವೆ. ಕಲ್ಲಾದ ಮಗುವಿಗೆ ಮಾತ್ರ ‘ತುಂಬಾ ಒಳ್ಳೆಯವಳು, ಸದ್ದೇ ಇಲ್ಲ’ ಎಂಬ ಹೊಗಳಿಕೆ ಸಿಗುತ್ತದೆ. ಅಂಥ ಮೌನವನ್ನು ಅನುಮಾನದಿಂದ ನೋಡುವುದನ್ನೂ ಕಲಿಯಬೇಕು.

ಮಾತಾಡಿಸುವ ಕೌಶಲಗಳಲ್ಲಿ ಪ್ರಶ್ನೆ ಕೇಳುವುದು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಸಲಿಗೆ, ಕೇಳಿಸಿಕೊಳ್ಳುವುದು, ಭಾವನೆಯನ್ನು ಗುರುತಿಸಿ ಒಪ್ಪುವುದು. ‘ಅಳಬೇಡ ಪುಟ್ಟ’ ಎಂಬ ಅಕ್ಕರೆಯ ಮಾತೂ ಇಲ್ಲಿ ತಪ್ಪು ಪಟ್ಟಿಗೆ ಸೇರುತ್ತದೆ; ಅಳು ಬಂದಿದೆ, ಬರಲಿ. ‘ಅಂಕಲ್ ನಿನ್ನನ್ನ ಮುಟ್ಟಿದ್ರಾ?’ ಎಂದು ಉತ್ತರವನ್ನೇ ಬಾಯಿಗಿಡುವ ಬದಲು ‘ಆಮೇಲೆ?’ ಎಂದು ಸುಮ್ಮನಾಗಬೇಕು. ಆಘಾತದ ನೆನಪು ತುಂಡುತುಂಡಾಗಿರಬಹುದು; ಹಿಂದುಮುಂದಾಗಿ ಹೇಳಿದ ಮಾತ್ರಕ್ಕೆ ಮಗು ಸುಳ್ಳಾಡುತ್ತಿದೆ ಎಂದಲ್ಲ.

ಪೋಕ್ಸೊ ಕಾಯ್ದೆ ಇಲ್ಲಿ ಒಂದು ಇಕ್ಕಟ್ಟು ತರುತ್ತದೆ. 2012ರ ಈ ಕಾಯ್ದೆಯಂತೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಮೊದಲ ಷರತ್ತೋ ‘ಅಕ್ಕಾ, ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ’. ಕೊಡಲಾಗದ ಭಾಷೆ ಅದು. ಕೊಟ್ಟು ಮುರಿದರೆ ಮಗುವನ್ನು ನಂಬಿಸಿ ಮೋಸ ಮಾಡಿದವರ ಸಾಲಿಗೆ ಕಾರ್ಯಕರ್ತೆಯೂ ಸೇರುತ್ತಾಳೆ. ಯಾರಿಗೆ ಹೇಳಬೇಕಾಗುತ್ತದೆ, ಏಕೆ, ಹೇಳುವ ಮುಂಚೆ ಮಗುವಿಗೆ ತಿಳಿಸಿಯೇ ಹೇಳುವುದು ಎಂಬುದನ್ನು ಎಳೆಯ ಮಾತಿನಲ್ಲಿ ವಿವರಿಸುವುದನ್ನು ಅಭಿನಯದ ಮೂಲಕ ಅಭ್ಯಾಸ ಮಾಡಿಸಲಾಗುತ್ತದೆ. ಕಾಯ್ದೆಯಲ್ಲಿ ಮೃದುತನವೂ ಇದೆ: ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗು ಬಯಸಿದ ಜಾಗದಲ್ಲಿ ಹೇಳಿಕೆ ಪಡೆಯಬಹುದು, ಸಾಕ್ಷ್ಯಕ್ಕೆ ಪದೇ ಪದೇ ಕರೆಸಬಾರದು. 2020ರ ನಿಯಮಗಳ ಪ್ರಕಾರ ತನಿಖೆ, ವಿಚಾರಣೆಯುದ್ದಕ್ಕೂ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡಬಹುದು.

ಕುಟುಂಬದ ಪಾಠಕ್ಕೆ ಇನ್ನಷ್ಟು ಸಮಯ ಸಿಗಬೇಕಿತ್ತು. ಮಗು ರಾತ್ರಿ ಬೆಚ್ಚಿ ಚೀರಿದರೆ ಮನೆಯವರು ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ. ಅದನ್ನು ನಕ್ಕು ತಳ್ಳಿದ ಕಾರ್ಯಕರ್ತೆಗೆ ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ‘ಮಗು ಹೆದರಿಕೊಂಡಿದೆ ಅಂತ ನಿಮಗೆ ಗೊತ್ತಾಗಿದೆ’ ಎಂಬಲ್ಲಿಂದ ಮಾತು ಶುರುವಾದರೆ ಯಾವುದಕ್ಕೆ ಹೆದರಿದೆ ಎಂಬಲ್ಲಿಗೆ ನಿಧಾನಕ್ಕೆ ಬರಬಹುದು. ಮರ್ಯಾದೆಗೆ ಅಂಜಿ ಬಾಯಿಬಿಡದ ತಾಯಿಗೂ ಒಂದು ಒಳದನಿ ಇರುತ್ತದೆ. ಎಷ್ಟೋ ಸಲ ಅವಳ ಹಾಳೆಯ ಎರಡನೇ ಅಂಕಣವೂ ಮಗುವಿನದೂ ಒಂದೇ.

ಇಷ್ಟೆಲ್ಲಕ್ಕೆ ಕಾಲ ಎಲ್ಲಿದೆ? 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು. ವಿಳಂಬ ತಪ್ಪಿಸಲು ಹಾಕಿದ ಗಡುವು ಇದು, ತಪ್ಪೇನಲ್ಲ. ಆದರೆ ಕಲ್ಲಾದ ಮಗು ಹದಿನೈದು ದಿನದಲ್ಲಿ ತನ್ನ ಹೆಸರು ಹೇಳಿದರೆ ದೊಡ್ಡದು.

ದಿನವೂ ಇಂಥ ಕಥೆ ಕೇಳುವವರಿಗೂ ಅದರ ಹೊರೆ ಇಳಿಸುವ ಜಾಗ ಬೇಕು. ನಿದ್ದೆ ಕೆಡುವುದು, ಸ್ವಂತ ಮಗು ಪಕ್ಕದ ಮನೆಗೆ ಹೋದರೂ ಎದೆ ಹೊಡೆದುಕೊಳ್ಳುವುದು, ಕೊನೆಗೆ ಏನು ಕೇಳಿದರೂ ಏನೂ ಅನ್ನಿಸದಿರುವುದು ಈ ಕೆಲಸದ ಕಾಯಿಲೆಗಳು. ಹಿರಿಯರೊಬ್ಬರ ಜೊತೆ ಕೂತು ಪ್ರಕರಣಗಳನ್ನು ಮಾತಾಡುವ ಕ್ರಮ ಅದಕ್ಕೆ ಮದ್ದು. ಆದರೆ ಮಕ್ಕಳ ರಕ್ಷಣಾ ವ್ಯವಸ್ಥೆಯ ಬಹುಪಾಲು ಕೆಲಸಗಾರರು ಗುತ್ತಿಗೆಯವರು. ತರಬೇತಿ ಪಡೆದು, ಕೈ ಪಳಗುವ ಹೊತ್ತಿಗೆ ಗುತ್ತಿಗೆ ಮುಗಿಯುತ್ತದೆ, ಇಲ್ಲವೇ ಬೇರೆಡೆ ಕೆಲಸ ಸಿಗುತ್ತದೆ. ಬಾಲಮಂದಿರಕ್ಕೆ ಹೊಸ ಅಕ್ಕ ಬರುತ್ತಾಳೆ, ಹೊಸ ಹಾಳೆ, ಮತ್ತೆ ಮೊದಲ ಅಂಕಣ.

ಹಾಗಾಗಿ ಬಿಟ್ಟು ಹೋಗುವುದನ್ನೂ ಕಲಿಯಬೇಕಾಗುತ್ತದೆ. ಕೊನೆಯ ದಿನ ಯಾವುದು ಎಂದು ಮಗುವಿಗೆ ವಾರಗಳ ಮೊದಲೇ ಹೇಳಬೇಕು, ಕ್ಯಾಲೆಂಡರಿನಲ್ಲಿ ತೋರಿಸಬೇಕು, ಮುಂದೆ ಬರುವವರ ಪರಿಚಯ ಮಾಡಿಸಬೇಕು. ಕನ್ನಡದಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ಅಪಶಕುನ. ‘ಬರ್ತೀನಿ’ ಎನ್ನುವುದೇ ರೂಢಿ. ದಿಂಬಿನ ಕೆಳಗೆ ಚಪಾತಿ ಇಡುವ ಹುಡುಗನಿಗೆ ಆ ಮಾತನ್ನು ನಂಬಿಯೇ ಎರಡು ದಿನ ಹಸಿವಾಗಿತ್ತು. ಅವನ ಮುಂದೆ, ಗೇಟಿನ ಬಳಿ ನಿಂತು, ‘ನಾನು ಹೋಗ್ತೀನಿ ಕಣೋ’ ಎಂದೇ ಹೇಳಬೇಕು.